ಗಾರ್ಡ್‌ಬಾಯಿ ಏರಿಸಿದ ನಾಲ್ಕು ಆಟೀನು

ಹಳೆಯ ಟ್ರಂಕಿನ ತಳದಲ್ಲಿ ಇಸ್ಪೀಟ್ ಎಲೆಗಳ ಕಟ್ಟು ಸಿಕ್ಕಿತು. ಬಿಚ್ಚಿದರೆ ಮುಖಕ್ಕೆ ಹಚ್ಚುವ ಪೌಡರಿನ ವಾಸನೆ. ಇಷ್ಟು ವರ್ಷವಾದರೂ ಹೋಗಿಲ್ಲ, ಹಾಳಾದ್ದು. ಕ್ಯಾಸಲ್‌ರಾಕ್‌ನ ಥಂಡಿಗೆ ಎಲೆಗಳು ಒಂದಕ್ಕೊಂದು ಅಂಟುತ್ತಿದ್ದವು. ಬಾಜೂ ಕ್ವಾರ್ಟರ್ಸಿನ ಗಾರ್ಡ್ ಸಾಹೇಬರ ಹೆಂಡತಿ ಆಟಕ್ಕೆ ಮೊದಲು ಪೌಡರ್ ಉದುರಿಸಿ, ಒಂದೊಂದೇ ಎಲೆಯನ್ನು ಸೆರಗಿನಿಂದ ಒರೆಸಿ ಇಡುತ್ತಿದ್ದಳು. ಎಲ್ಲರೂ ಅವಳನ್ನು ಗಾರ್ಡ್‌ಬಾಯಿ ಎನ್ನುತ್ತಿದ್ದರು. ನಾನು ಮನಸ್ಸಿನಲ್ಲಿ ಬೇರೆ ಏನೇನೋ ಅನ್ನುತ್ತಿದ್ದೆ... ಬಿಡಿ.

ಯುದ್ಧದ ಕಾಲ. ನನ್ನ ಗಂಡ ಸ್ಟೇಷನ್ನಿನಲ್ಲಿ ತಂತಿ ಕಳಿಸುವ ತಾರ್ ಬಾಬು. ಭಾನುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಬ್ರಿಜ್ ಆಟ. ಎದುರುಬದುರು ಕೂತವರು ಜೋಡಿ; ಗಂಡನ ಎದುರು ನಾನೇ ಕೂರುತ್ತಿದ್ದೆ, ಸ್ಟೇಷನ್ ಮಾಸ್ತರರ ಎದುರು ಗಾರ್ಡ್‌ಬಾಯಿ. ಅವರಿಗೊಂದು ಚಟ. ದೊಡ್ಡ ಎಲೆಗಳು ಇರದಿದ್ದರೂ, ಒಂದೇ ಬಣ್ಣದ, ಎಲ್ಲಾ ಕೆಂಪು ಆಟೀನೋ ಎಲ್ಲಾ ಕರಿ ಇಸ್ಪೀಟೋ, ಏಳು ಎಲೆ ಬಂದರೆ ಸಾಕು, ಮೊದಲ ಮಾತಿಗೇ ‘ಮೂರು’ ಎಂದು ಪಣ ಕೂಗಿಬಿಡುವುದು. ಎದುರಾಳಿಗಳಿಗೆ ಒಳ್ಳೆಯ ಎಲೆ ಇದ್ದರೂ ಅದಕ್ಕಿಂತ ಮೇಲೆ ಕೂಗದೆ ಬಾಯಿ ತೆರೆಯಲು ಜಾಗ ಸಿಗಬಾರದು, ಅದಕ್ಕೆ. ಜೋಡಿ ಅದನ್ನು ನಾಲ್ಕಕ್ಕೆ ಏರಿಸಿದರೆ ಎದುರಾಳಿಗಳ ಬಾಯಿಗೆ ಪೂರ್ತಿ ಬೀಗ. ನನಗೆ ಧೈರ್ಯ ಸಾಲದು. ಪಾಸ್ ಎನ್ನುತ್ತಿದ್ದೆ.

“ನಾ ಮೂರು ಅಂದ್ರ ನೀ ಸುಮ್ಮನ ಕುಂತಬಿಡ್ತೀಯಲ್ಲ,” ಎಂದು ಗಂಡ ಒಂದು ದಿನ ಗೊಣಗಿದರು. “ಒಂದ್ಸಲ ಬಾಯಾರು ಕುಂದರ್ಲಿ ಇಲ್ಲೆ.”

ಒಂದ್ಸಲ ಅಂದಿದ್ದು ಇಡೀ ಮಳೆಗಾಲವಾಯಿತು. ನಾನು ಸ್ಟೇಷನ್ ಮಾಸ್ತರರ ಜೋಡಿಯಾಗಿ, ಗಂಡನಿಗೇ ಎದುರಾಳಿಯಾದೆ.

ಒಂದು ಸಂಜೆ ನನ್ನ ಕೈಗೆ ಇಸ್ಪೀಟಿನ ಎಕ್ಕ, ರಾಜ, ರಾಣಿ, ಹಿಂದೆ ಇನ್ನೂ ಮೂರು... ಅಂಥ ಎಲೆ ಮತ್ತೆಂದೂ ಬರಲಿಲ್ಲ. ಗಂಡ “ಮೂರು ಆಟೀನು” ಅಂದರು. ಮಾಸ್ತರರು ಪಾಸ್. ಗಾರ್ಡ್‌ಬಾಯಿ ಕಣ್ಣು ಪಿಳುಕಿಸದೆ “ನಾಲ್ಕು” ಅಂದಳು. ಇವಳ ಹತ್ತಿರ ಭಾರೀ ಎಲೆ ಇರಬೇಕೆಂದು ಹೆದರಿ ನಾನೂ ಪಾಸ್. ಆಮೇಲೆ ಆಟದ ನಿಯಮದಂತೆ ಅವಳು ತನ್ನ ಎಲೆಗಳನ್ನು ಮೇಜಿನ ಮೇಲೆ ಹರವಿದಳು. ರಾಜ ಇಲ್ಲ, ರಾಣಿ ಇಲ್ಲ. ನಾಲ್ಕು ಪುಡಿ ಆಟೀನು, ಅಷ್ಟೇ. ಅವರಿಬ್ಬರೂ ಸೋತರು, ಆದರೆ ಸ್ವಲ್ಪದರಲ್ಲಿ. ನಾನು ಬಾಯಿ ಬಿಟ್ಟಿದ್ದರೆ ನಾವು ಭಾರೀ ಗೆಲ್ಲುತ್ತಿದ್ದೆವು.

ಗಂಡ ಅವಳನ್ನು ನೋಡಿ ನಕ್ಕರು. ನನ್ನನ್ನು ನೋಡಿ ಹಾಗೆ ಎಂದೂ ನಕ್ಕಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಅವರ ಮಾತನ್ನು ಎತ್ತಿ ಹಿಡಿದವಳು ಅವಳು. ತಾಳಿ ಕಟ್ಟಿಸಿಕೊಂಡವಳು ನಾನು.

“ಏಳ್ರಿ ಬಾಯಿ, ಅದು ನನ್ನ ಜಾಗಾ,” ಅಂದೆ.

“ಬರ್ರಿ ವೈನಿ, ಕುಂದರ್ರಿ,” ಎನ್ನುತ್ತ ಅವಳು ಎದ್ದಳು. “ಖುರ್ಚಿ ಬೆಚ್ಚಗ ಮಾಡಿ ಇಟ್ಟೇನಿ.” ಮಾಸ್ತರರ ಎದುರಿನ ನನ್ನ ಖುರ್ಚಿಗೆ ಹೋಗಿ ಕೂತಳು.

ಸ್ವಲ್ಪ ಹೊತ್ತಿಗೆ ಗಂಡ ಮತ್ತೆ “ಮೂರು ಆಟೀನು” ಅಂದರು. ನನ್ನ ಹತ್ತಿರ ಆಟೀನು ಒಂದೇ ಒಂದು. ಆದರೂ “ನಾಲ್ಕು” ಅಂದೆ, ಅವಳ ಮುಖ ನೋಡಿಯೇ ಅಂದೆ. ಅವಳು ತಣ್ಣಗೆ “ಡಬಲ್” ಅಂದಳು; ಸೋತರೆ ದಂಡ ಇಮ್ಮಡಿ. ಅವತ್ತು ನಾವು ಸೋತ ಸೋಲನ್ನು ಏನು ಹೇಳಲಿ...

“ವೈನಿ, ನಮ್ಮ ಕೈಯಾಗ ಅವರ ಬಣ್ಣದ ಎಲಿ ಇದ್ದರ ಏರಸಬೇಕ್ರಿ,” ಎಂದಳು ಗಾರ್ಡ್‌ಬಾಯಿ, ಎಲೆಗಳನ್ನು ಬಳಿದುಕೊಳ್ಳುತ್ತ. “ಸಿಟ್ಟು ಇದ್ದರ ಅಲ್ಲ.”

ಗಂಡ ಮತ್ತೆ ನಕ್ಕರು. ಅವಳ ಕಡೆಗೇ.

ಚಳಿಗಾಲಕ್ಕೆ ಗಾರ್ಡ್ ಸಾಹೇಬರಿಗೆ ವರ್ಗವಾಯಿತು. ಹೋಗುವಾಗ ಅವಳು ತನ್ನ ಎಲೆಗಳ ಕಟ್ಟನ್ನು ನನಗೇ ಕೊಟ್ಟಳು. ಖುರ್ಚಿ ಕಾಯಂ ನನ್ನದಾಯಿತು. ಯಾವಾಗ ಏರಿಸಬೇಕು ಎಂಬುದನ್ನೂ ಕಲಿತೆ. ಕೈಯಲ್ಲಿ ನಾಲ್ಕು ಆಟೀನು ಹಿಡಿದು, ಗಂಡ ಮೂರು ಅನ್ನಲಿ ಎಂದು ಕಾಯುತ್ತಿದ್ದೆ. ಅನ್ನಲಿಲ್ಲ. ಪಾಸ್ ಎನ್ನುತ್ತಿದ್ದರು. ಆಮೇಲೆ ನೋಡಿದರೆ ಏಳು ಆಟೀನು ಒಂದೊಂದಾಗಿ ಅವರ ಕೈಯಿಂದ ಬೀಳುತ್ತಿದ್ದವು.

“ಯಾಕ್ರೀ ಅನ್ನಲಿಲ್ಲ?” ಅಂದರೆ, “ಇರ್ಲಿ ಬಿಡು.”

ಈಗ ಅವರಿಲ್ಲ. ಅವಳೂ ತೀರಿಕೊಂಡಳೆಂದು ಯಾರೋ ಹೇಳಿದರು. ಇವತ್ತು ಆ ಕಟ್ಟಿನಿಂದ ಏಳು ಆಟೀನು ಆರಿಸಿ ಮಂಚದ ಆ ಬದಿಗೆ ಇಟ್ಟೆ. ನಾಲ್ಕು ನನ್ನ ಕಡೆ ಇಟ್ಟುಕೊಂಡೆ. ಕೇಳುವವರಿಲ್ಲದಿದ್ದರೂ ಬಾಯಿಬಿಟ್ಟು “ನಾಲ್ಕು” ಅಂದೆ. ಬೆರಳಿಗೆಲ್ಲ ಅವಳ ಪೌಡರು.