ಪಥ್ಯದ ಯಾದಿ ಮತ್ತು ಸಿದ್ರಾಮಪ್ಪ ಝಳಕಿಯವರು

ಆಸ್ಪತ್ರೆ ಎಂದೊಡನೆ ವೈದ್ಯರನ್ನು ನೆನೆಯುವುದು ಲೋಕರೂಢಿ. ಗುಮಾಸ್ತರ ಹೆಸರು ಬಾಯಿಗೆ ಬರುವುದು ಡಿಸ್ಚಾರ್ಜ್ ಕಾಗದ ತಡವಾದಾಗ ಮಾತ್ರ. ಆ ರೂಢಿಗೆ ಅಪವಾದವಾಗಿ, ಪುಣೆಯ ನಮ್ಮ ಧರ್ಮಾರ್ಥ ಆಸ್ಪತ್ರೆಯಲ್ಲಿ ಮೂವತ್ಮೂರು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಗುಮಾಸ್ತರಾದ ಶ್ರೀ ಸಿದ್ರಾಮಪ್ಪ ಝಳಕಿಯವರ ಹೆಸರನ್ನು ವಾರ್ಡಿನಿಂದ ಅಡಿಗೆಮನೆಯವರೆಗೆ ಅರಿಯದವರಿಲ್ಲ. ಯಾವ ಹಾಸಿಗೆಗೆ ಯಾವ ಊಟ ಹೋಗಬೇಕು, ಯಾವುದು ಹೋಗಕೂಡದು ಎಂದು ದಿನವೂ ಅಡಿಗೆಮನೆಗೆ ತಿಳಿಸುವ ಪಥ್ಯದ ಯಾದಿಯೇ ಅವರ ಕಾರ್ಯಕ್ಷೇತ್ರ.

ಇಂಡಿ ತಾಲೂಕಿನಿಂದ ಬಂದ ತರುಣ ಸಿದ್ರಾಮಪ್ಪನವರು ಮೊದಲ ಹತ್ತು ವರ್ಷ ಯಾದಿಯನ್ನು ಕೈಯಲ್ಲೇ ಬರೆದರು. ಅಕ್ಷರ ಮುತ್ತಿನಂತಿತ್ತು, ಗೆರೆಗಳು ಒಂದಿಂಚೂ ಓರೆಯಾಗುತ್ತಿರಲಿಲ್ಲ. ಮರಾಠಿ ಬಾರದ ಕಲಬುರ್ಗಿ ಕಡೆಯ ರೋಗಿಗಳು ಬಾಗಿಲಲ್ಲಿ ಕಕ್ಕಾಬಿಕ್ಕಿಯಾಗಿ ನಿಂತರೆ, ಕೈಯ ಕೆಲಸ ಬಿಟ್ಟೆದ್ದು ಅವರ ಅರ್ಜಿ ತುಂಬಿ, ವಾರ್ಡಿನ ತನಕ ತಾವೇ ಕರೆದೊಯ್ಯುತ್ತಿದ್ದರು. ಮುಂದೆ ಕಂಪ್ಯೂಟರ್ ಬಂತು. ಬೆರಳೊಂದರಿಂದಲೇ ಎಕ್ಸೆಲ್ ಕಲಿತ ಅವರು ಹಳೆಯ ಅಚ್ಚುಕಟ್ಟುತನವನ್ನು ಅಲ್ಲಿಗೂ ಒಯ್ದರು. ಸಾಲು ಬಿಟ್ಟು ಸಾಲಿಗೆ ತಿಳಿನೀಲಿ ಬಣ್ಣ, ದಪ್ಪ ಅಕ್ಷರದ ತಲೆಬರಹ, ಸುತ್ತಲೂ ಗೆರೆ. ಅವರ ಯಾದಿ ನೋಡಿದವರು ಲಗ್ನಪತ್ರಿಕೆ ಇದ್ದಹಾಗಿದೆ ಎಂದು ಚೇಷ್ಟೆ ಮಾಡುತ್ತಿದ್ದರು, ಅವರಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ತಪಾಸಣೆಯ ತಂಡವೊಂದು ಬರುವುದಿತ್ತು. ಯಾದಿಯ ಕೆಲವು ಸಾಲುಗಳು ಎತ್ತರ, ಕೆಲವು ಗಿಡ್ಡ ಇದ್ದದ್ದು ಸಿದ್ರಾಮಪ್ಪನವರ ಕಣ್ಣಿಗೆ ಚುಚ್ಚುತ್ತಿತ್ತು. ಎಲ್ಲ ಸಾಲುಗಳನ್ನೂ ಒಟ್ಟಿಗೆ ಹಿಡಿದು ಒಂದೇ ಎತ್ತರ ಕೊಟ್ಟರು. ಎರಡು ಪುಟದ ಯಾದಿ ಒಂದೇ ಪುಟಕ್ಕೆ ಇಳಿಯಿತು. ಆಡಳಿತಾಧಿಕಾರಿ ವಿಕಾಸ ಅವರು ಅದನ್ನು ಎತ್ತಿ ಹಿಡಿದು, "ಝಳಕಿಯವರ ಕೈ ಅಂದ್ರ ಇದು ನೋಡ್ರಿ," ಎಂದು ಎಲ್ಲರಿಗೂ ತೋರಿಸಿದರು. ಮುಂದಿನ ವಾರ ಸೂಪರಿಂಟೆಂಡೆಂಟ್ ಹುದ್ದೆಗೆ ಸಿದ್ರಾಮಪ್ಪನವರ ಹೆಸರು ಹೋಗುವುದೂ ಇತ್ತು.

ಮರುದಿನ ಆಷಾಢ ಏಕಾದಶಿ. ನಾಷ್ಟಾಕ್ಕೆ ಸಾಬೂದಾಣಿ ಖಿಚಡಿ, ಅದರ ತುಂಬ ಶೇಂಗಾಪುಡಿ. ಕಾಲು ಮುರಿದು ಮಲಗಿದ್ದ ಏಳು ವರ್ಷದ ಚಿನ್ನುವಿಗೆ ಶೇಂಗಾ ವಿಷ. ಪುಣೆಯದೇ ಬಡಾವಣೆಯಾದ ವಾಕಡದಲ್ಲಿ ಐಟಿ ಕೆಲಸದಲ್ಲಿದ್ದ ಅವಳ ತಾಯಿ ಇಂಪನಾ ದಾಖಲು ಮಾಡುವಾಗಲೇ ಅದನ್ನು ಎರಡೆರಡು ಸಲ ಹೇಳಿದ್ದರು. ಕನ್ನಡದವರೆಂಬ ಅಕ್ಕರೆಯಿಂದ ಸಿದ್ರಾಮಪ್ಪನವರೇ ಅದನ್ನು ಬರೆದುಕೊಂಡಿದ್ದರು. ತಾಯಿ ಔಷಧಿ ತರಲು ಕೆಳಗೆ ಹೋಗಿದ್ದಾಗ ತಟ್ಟೆ ಬಂತು. ಎರಡು ಚಮಚ ತಿನ್ನುವಷ್ಟರಲ್ಲಿ ಮಗುವಿನ ತುಟಿ, ಗಂಟಲು ಊದಿಕೊಂಡು ಉಸಿರು ಕಟ್ಟಿತು. ವೈದ್ಯರು ಓಡಿ ಬಂದು ಚುಚ್ಚುಮದ್ದು ಕೊಟ್ಟರು. ಮಗು ಬದುಕಿದ್ದು ದೊಡ್ಡ ಪುಣ್ಯ.

ದೂರು ಬಿದ್ದದ್ದು ಊಟ ಬಡಿಸಿ ಕಳಿಸಿದ ಅಂಬಾಬಾಯಿಯವರ ಮೇಲೆ. ಸೊಲ್ಲಾಪುರದ ಈ ಹೆಣ್ಣುಮಗಳು ಹದಿನೈದು ವರ್ಷದಿಂದ ಆ ಒಲೆಯ ಮುಂದಿದ್ದವರು.

"ಕಾಗದದಾಗ ಶೇಂಗಾದ ಮಾತ ಇದ್ದಿಲ್ರೀ," ಎಂದರು.

ಆ ಕಾಗದ ಅಷ್ಟರಲ್ಲಿ ಕಸಕ್ಕೆ ಹೋಗಿತ್ತು. ಕಂಪ್ಯೂಟರಿನಲ್ಲಿ ಚಿನ್ನುವಿನ ಹೆಸರಿನ ಮುಂದಿನ ಚೌಕದ ಮೇಲೆ ಒತ್ತಿ ನೋಡಿದರೆ 'ಮೆತ್ತನೆಯ ಊಟ, ಶೇಂಗಾ ಕೂಡದು' ಎಂದು ಸ್ಪಷ್ಟವಾಗಿತ್ತು. ಯಂತ್ರ ಸುಳ್ಳು ಹೇಳುವುದಿಲ್ಲ, ಹೆಂಗಸು ಹೇಳುತ್ತಾಳೆ ಎಂದು ಎಲ್ಲರೂ ನಂಬಿದರು. ಅಂಬಾಬಾಯಿಯವರನ್ನು ಕೆಲಸದಿಂದ ತೆಗೆಯುವ ಆದೇಶ ಸಿದ್ಧವಾಯಿತು.

ಸಿದ್ರಾಮಪ್ಪನವರೂ ಮೊದಲು ಹಾಗೆಯೇ ನಂಬಿದ್ದರು. ಮೂರನೆಯ ದಿನ, ವಿಚಾರಣೆಗೆಂದು ಅದೇ ಯಾದಿಯನ್ನು ಮತ್ತೆ ಪ್ರಿಂಟು ತೆಗೆದು ಚಿನ್ನುವಿನ ಸಾಲನ್ನು ಓದಿದರು. ಕಾಗದದಲ್ಲಿ ಇದ್ದದ್ದು 'ಮೆತ್ತನೆಯ ಊಟ' ಅಷ್ಟೇ. ಉಳಿದ ಎರಡು ಮಾತು ಕೆಳಗಿನ ಗೆರೆಗೆ ಇಳಿದಿದ್ದವು. ಅಲ್ಲಿ ಅವಕ್ಕೆ ಜಾಗವಿರಲಿಲ್ಲ, ಏಕೆಂದರೆ ಸಾಲಿನ ಎತ್ತರವನ್ನು ಅವರೇ ತಗ್ಗಿಸಿದ್ದರು. ಇಡೀ ಯಾದಿಯಲ್ಲಿ ಏಳು ಕಡೆ ಇಂಥ ಮಾತುಗಳು ಕಾಣದಾಗಿದ್ದವು. ಅದನ್ನು ಕಂಡವರು ಅವರೊಬ್ಬರೇ. ಸಾಲುಗಳನ್ನು ಮತ್ತೆ ಎತ್ತರಿಸಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ಮಧ್ಯಾಹ್ನ ಮನೆಗೆ ಹೋದವರು ತಾಟಿನ ಮುಂದೆ ಕೂತು ರೊಟ್ಟಿ ಮುರಿಯಲಿಲ್ಲ. ಧರ್ಮಪತ್ನಿ ರುದ್ರವ್ವನವರಿಗೆ ಎಲ್ಲ ಹೇಳಿದರು. ಅವರು ಕೇಳಿ ಮುಗಿಸಿ, "ಹೋಗಿ ಹೇಳಿಬಿಡ್ರಿ. ನಿಮ್ಮ ಕುರ್ಚಿ ಹ್ವಾದ್ರ ಹೋಗ್ಲಿ. ಆಕಿ ಮನ್ಯಾಗ ಉಣ್ಣಾವ್ರು ಐದ್ ಮಂದಿ ಇದ್ದಾರ," ಎಂದರು.

ಅಂದೇ ಸಂಜೆ ಅವರು ವಿಕಾಸ ಅವರ ಮೇಜಿನ ಮೇಲೆ ಎರಡು ಪ್ರಿಂಟು ಇಟ್ಟರು, ಸಾಲು ತಗ್ಗಿಸಿದ್ದು ಒಂದು, ಎತ್ತರಿಸಿದ್ದು ಒಂದು. "ಸಾಹೇಬ್ರ, ಅಂಬಾಬಾಯಿ ಖರೇ ಹೇಳ್ಯಾರ. ಚಂದ ಕಾಣ್ಲಿ ಅಂತ ಸಾಲು ಸಣ್ಣ ಮಾಡಿದಾಂವ ನಾನ." ವಿಕಾಸ ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಒಂದೇ ಪುಟದ ಯಾದಿಯನ್ನು ಹೊಗಳಿದವರು ತಾವೇ ಎಂಬುದು ಅವರಿಗೂ ನೆನಪಿತ್ತು.

ಸಿದ್ರಾಮಪ್ಪನವರು ಅಲ್ಲಿಂದ ನೇರ ವಾರ್ಡಿಗೆ ಹೋಗಿ ಇಂಪನಾ ಅವರ ಮುಂದೆ ಕೈಮುಗಿದು ನಿಂತರು. ಆ ತಾಯಿ ಸುಲಭಕ್ಕೆ ಕರಗಲಿಲ್ಲ, ಕರಗಬೇಕಾಗಿಯೂ ಇರಲಿಲ್ಲ. "ಕ್ಷಮಿಸ್ದೆ ಅಂತ ಹೇಳೋಕೆ ನನಗೆ ಈಗ ಆಗಲ್ಲ ಸರ್. ಆದ್ರೆ ಅಂಬಾಬಾಯಿಯವರನ್ನ ಮಾತ್ರ ಕೆಲಸದಿಂದ ತೆಗೀಬೇಡಿ ಅಂತ ನಾನೇ ಬರ್ಕೊಡ್ತೀನಿ," ಎಂದರು. ಬರೆದುಕೊಟ್ಟರು ಕೂಡ.

ಅಂಬಾಬಾಯಿಯವರನ್ನು ತೆಗೆಯುವ ಆದೇಶ ರದ್ದಾಯಿತು. ಸಿದ್ರಾಮಪ್ಪನವರ ಸೇವಾಪುಸ್ತಕದಲ್ಲಿ ಎಚ್ಚರಿಕೆಯ ಟಿಪ್ಪಣಿ ಬಿತ್ತು, ಸೂಪರಿಂಟೆಂಡೆಂಟ್ ಹುದ್ದೆ ಬೇರೊಬ್ಬರಿಗೆ ಹೋಯಿತು. ಅವರು ಅದೇ ಕುರ್ಚಿಯಲ್ಲಿ ಕೂತು ಯಾದಿಯನ್ನು ತಿದ್ದಿದರು. ಕೂಡದ ಪದಾರ್ಥಕ್ಕೆ ಬೇರೆಯೇ ಕಾಲಂ, ಅದು ಹೆಸರಿನ ಪಕ್ಕದಲ್ಲೇ, ಕೆಂಪಕ್ಷರದಲ್ಲಿ; ಬರಹ ಎಷ್ಟಿದೆಯೋ ಅಷ್ಟಕ್ಕೆ ಸಾಲು ತಾನಾಗಿ ಎತ್ತರವಾಗಬೇಕು, ಪುಟ ಮೂರಾದರೂ ಸರಿ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಇದನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು, ಕಲಿಸುವಾಗ ತಮ್ಮ ತಪ್ಪನ್ನೇ ಮೊದಲ ಪಾಠ ಮಾಡಿದರು. ಅಷ್ಟಕ್ಕೂ ಸಮಾಧಾನವಾಗದೆ, ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅಡಿಗೆಮನೆಗೆ ಇಳಿದು ಯಾದಿಯನ್ನು ಅಂಬಾಬಾಯಿಯವರಿಗೆ ಗಟ್ಟಿಯಾಗಿ ಓದಿ ಹೇಳಿದರು. ಅಂಬಾಬಾಯಿಯವರು ಮೊದಲ ಆರು ತಿಂಗಳು ಮುಖ ಎತ್ತದೆ ಕೇಳಿದರು. ಆಮೇಲೆ ಚಹಾ ಕೊಡಲು ಶುರು ಮಾಡಿದರು.

ಈ ಅಭಿನಂದನ ಸಂಪುಟದ ಸಮಿತಿಯವರು, ಸಂತೋಷದ ಹೊತ್ತಿನಲ್ಲಿ ಆ ಪ್ರಸಂಗ ಬೇಡವೆಂದು ಸಿದ್ರಾಮಪ್ಪನವರಿಗೆ ಸೂಚಿಸಿದರು. ನಮ್ಮಲ್ಲಿ ಅಭಿನಂದಿತರು ಹುಟ್ಟಿನಿಂದಲೇ ನಿರ್ದೋಷಿಗಳಾಗಿರುವುದು ವಾಡಿಕೆ. ಅವರು ಒಪ್ಪಲಿಲ್ಲ. "ಇವತ್ತಿಗೂ ಅಂಬಾಬಾಯಿ ಓದದ ಬಡಿಸಿದ್ಳು ಅನ್ನಾವ್ರು ಅದಾರ್ರಿ. ನಂದು ಎಷ್ಟರ ಹೊಗಳ್ರಿ, ಹೊಗಳದ ಬಿಡ್ರಿ. ಅದೊಂದು ಛಾಪಾ ಆಗಬೇಕು," ಎಂದರು.

ಆದ್ದರಿಂದ ಇಲ್ಲಿ ಅಚ್ಚಾಗುತ್ತಿದೆ. ಶ್ರೀ ಸಿದ್ರಾಮಪ್ಪ ಝಳಕಿಯವರಿಗೆ ರುದ್ರವ್ವನವರೊಡನೆ ನೂರು ವರ್ಷದ ಆಯುಷ್ಯ, ಕೈಗೆ ಬಿಡುವಿಲ್ಲದಷ್ಟು ಹೊಸ ಶಿಷ್ಯರು, ಹೊಟ್ಟೆ ತುಂಬ ಊಟ ದೊರೆಯಲಿ ಎಂದು ಸಹೋದ್ಯೋಗಿಗಳೆಲ್ಲರೂ ಮನಸಾರೆ ಹಾರೈಸುತ್ತೇವೆ. ಮತ್ತು ಅವರ ಅಪೇಕ್ಷೆಯಂತೆ, ಎಲ್ಲರ ಪರವಾಗಿ ಬರೆಯುತ್ತೇವೆ: ಅಂಬಾಬಾಯಿ ಕಾಗದವನ್ನು ಸರಿಯಾಗಿಯೇ ಓದಿದ್ದರು.