ಹಿಂದುಮುಂದಾಗಿ ಹತ್ತಿದ ಮೋಟಾರು

ಮೊಮ್ಮಗ ಕೊಂಡ ಹೊಸ ಕಾರಿಗೆ ಒಂದು ಕೆಟ್ಟ ಚಾಳಿಯಿದೆ. ಅಂಗಳದಿಂದ ಹಿಂದಕ್ಕೆ ಸರಿಯುವಾಗ ಅದು ಕೀಂಯ್ ಕೀಂಯ್ ಎಂದು ಚೀರುತ್ತದೆ. ಹಿಂದಕ್ಕೆ ಹೋಗುವುದು ಅಷ್ಟೊಂದು ಕೇಡಿನ ಸಂಗತಿಯೇ? "ಮುಂದ ಹೋಗುವಾಗ ಯಾಕ ಚೀರೂದಿಲ್ಲೋ ಇದು? ಮಂದಿ ಸಾಯೂದು ಮುಂದಿನ ಗಾಲಿಗೇ ಅಲ್ಲೇನು?" ಎಂದೆ. ಅವನು ನಕ್ಕ. ನಗಲಿ. ಮೊಣಕಾಲು ಮುದಿಯಾದರೂ ನನ್ನ ಸಿಟ್ಟು ಇನ್ನೂ ಹರೆಯದಲ್ಲಿದೆ. ಹಿಂದಕ್ಕೆ ಹೋಗುವುದನ್ನು ಯಾರಾದರೂ ಹಗುರಾಗಿ ಆಡಿಕೊಂಡರೆ ನಾನು ಸಹಿಸುವುದಿಲ್ಲ. ನಾನು ಜಮಖಂಡಿಯ ಗುಡ್ಡವನ್ನು ಹಿಂದುಮುಂದಾಗಿ ಹತ್ತಿದವಳು.

ಬನಹಟ್ಟಿಯಲ್ಲಿ ನಮ್ಮದು ಸೀರೆ ನೇಯಿಸಿ ಮಾರುವ ಮನೆ, ಆ ಮನೆಯಲ್ಲಿ ಒಂದು ಟಿ ಮಾಡೆಲ್ ಮೋಟಾರು ಇತ್ತು. ಅಮೆರಿಕದಲ್ಲಿ ಶ್ರೀಮಂತರ ಆಟಿಕೆಯಾಗಿದ್ದ ಮೋಟಾರನ್ನು ಒಕ್ಕಲಿಗನ ಅಂಗಳಕ್ಕೆ ತಂದ ಗಾಡಿ ಅದು. ಕಾರಖಾನೆಯಲ್ಲಿ ಗಾಡಿ ತಾನೇ ಸಾಲಿನಲ್ಲಿ ಸರಿದು ಬರುತ್ತಿತ್ತಂತೆ, ಆಳು ನಿಂತಲ್ಲೇ ನಿಂತು ತನ್ನ ಪಾಲಿನ ಬೋಲ್ಟು ತಿರುವುತ್ತಿದ್ದನಂತೆ. ಹೀಗೆ ಮಾಡಿ ಮಾಡಿ ವರ್ಷದಿಂದ ವರ್ಷಕ್ಕೆ ಅದರ ಬೆಲೆ ಇಳಿಯಿತು. ಬೆಲೆ ಇಳಿಯುತ್ತಾ ಹೋದ ಇನ್ನೊಂದು ಪದಾರ್ಥವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಅಲ್ಲಿಯ ರೈತರು ಅದರ ಹಿಂದಿನ ಗಾಲಿ ಎತ್ತಿ ಪಟ್ಟಾ ಕಟ್ಟಿ, ಅದರಿಂದ ಗರಗಸ ತಿರುಗಿಸಿ ಕಟ್ಟಿಗೆ ಕೊಯ್ಯುತ್ತಿದ್ದರೆಂದೂ ಕೇಳಿದ್ದೇನೆ. ಬಹುಕಾಲ ಎಲ್ಲಕ್ಕೂ ಕಪ್ಪು ಬಣ್ಣವೊಂದೇ. ಇದು ಮಾತ್ರ ನಮ್ಮ ನೇಕಾರರಿಗೆ ಸೇರಲಿಲ್ಲ. "ಮೈ ಕರೀದಿದ್ರ ಇರಲಿ ಬಿಡ್ರಿ, ಸೆರಗರೆ ಕೆಂಪ ಇಡಬಾರದಿತ್ತೇನು?" ಎಂದು ಅವರು ಮೋಟಾರಿನ ಸುತ್ತ ತಿರುಗಿ ಬೇಜಾರು ಮಾಡಿಕೊಂಡಿದ್ದರು.

ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದಲ್ಲಿ ವಿಲೀನವಾದಾಗ ದರಬಾರದ ಒಬ್ಬ ಅಧಿಕಾರಿ ಊರು ಬಿಟ್ಟರು. ಅವರ ಮೋಟಾರನ್ನು ನನ್ನ ಗಂಡನ ಎರಡನೆಯ ಅಣ್ಣ ಕೊಂಡರು. ಅಷ್ಟರಲ್ಲಿ ಅಮೆರಿಕದವರು ಅದನ್ನು ಮಾಡುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಕೊಂಡವರೂ ಬಹಳ ದಿನ ಉಳಿಯಲಿಲ್ಲ, ವಿಷಮಜ್ವರ ಬಂದು ತೀರಿಕೊಂಡರು. ಅವರ ಹೆಂಡತಿ, ನನ್ನ ನೆಗೆಣ್ಣಿ ನೀಲಕ್ಕ, ಕೆಲವು ತಿಂಗಳು ಮೂಲೆಯಲ್ಲಿ ಕುಳಿತಳು. ಆಮೇಲೆ ಒಂದು ಮುಂಜಾನೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹ್ಯಾಂಡಲ್ ತಿರುವಿಯೇಬಿಟ್ಟಳು. ಗಂಡನ ಪಕ್ಕದಲ್ಲಿ ಕುಳಿತು ನೋಡಿಯೇ ಎಲ್ಲ ಕಲಿತಿದ್ದಳು. ಸೀರೆಯ ಗಂಟು ಹೇರಿಕೊಂಡು ಇವತ್ತು ಮುಧೋಳ, ನಾಳೆ ಬೀಳಗಿ. ಜೊತೆಗೆ ಹೊಸ ಸೊಸೆಯಾದ ನಾನು.

ಆ ಮೋಟಾರಿನ ರೀತಿಯೇ ಬೇರೆ. ಅದರ ಪೆಟ್ರೋಲಿನ ಟಾಕಿ ಮುಂದಿನ ಸೀಟಿನ ಕೆಳಗಿತ್ತು. ಎಷ್ಟು ಉಳಿದಿದೆ ಎಂದು ನೋಡಬೇಕಾದರೆ ಸೀಟಿನಲ್ಲಿ ಕುಳಿತವರು ಏಳಬೇಕು, ಸೀಟು ಎತ್ತಬೇಕು, ಒಳಗೆ ಕಡ್ಡಿ ಅದ್ದಬೇಕು. ದೇಸಾಯರೇ ಕುಳಿತಿರಲಿ, ಎಬ್ಬಿಸುವುದು ತಪ್ಪುತ್ತಿರಲಿಲ್ಲ. ಟಾಕಿಯಿಂದ ಇಂಜಿನ್ನಿಗೆ ಪೆಟ್ರೋಲು ನೀರಿನಂತೆ ತಾನಾಗಿಯೇ ಹರಿದು ಹೋಗಬೇಕು. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಹರಿಯುವುದು ನಿಲ್ಲುತ್ತಿತ್ತು, ಗಾಡಿಯೂ ನಿಲ್ಲುತ್ತಿತ್ತು. ಟಾಕಿ ತುಂಬಿದ್ದರೆ ಹರಿದೀತು, ಆದರೆ ತುಂಬಿಸುವಷ್ಟು ಪೆಟ್ರೋಲು ನಮಗೆ ಯಾವತ್ತು ಸಿಕ್ಕಿತ್ತು? ಅದಕ್ಕೇ ಗಾಡಿಯನ್ನು ತಿರುಗಿಸಿ, ಮೂತಿ ಕೆಳಗೆ ಮಾಡಿ, ರಿವರ್ಸಿನಲ್ಲಿ ಹತ್ತಿಸಬೇಕು. ರಿವರ್ಸಿಗೆ ಬಲವೂ ಹೆಚ್ಚು. ಅಮೆರಿಕದ ಗುಡ್ಡಗಳಲ್ಲೂ ಹೀಗೇ ಹತ್ತಿಸುತ್ತಿದ್ದರಂತೆ. ಆದರೆ ಅಮೆರಿಕದಲ್ಲಿ ನಮ್ಮ ಹಿರಿಯ ಭಾವ ಇರಲಿಲ್ಲ.

ಹತ್ತುವಾಗ ನೀಲಕ್ಕನ ಕಾಲು ಪೆಡಲಿನ ಮೇಲೆ, ಕೈ ಸ್ಟೇರಿಂಗಿನ ಮೇಲೆ. ಅವಳ ಹಿಂದೆ ಗಂಟುಗಳು ಅಟ್ಟದಷ್ಟು ಎತ್ತರ, ಏನೂ ಕಾಣಿಸುವುದಿಲ್ಲ. ನಾನು ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ, ಗಂಟುಗಳ ನಡುವೆ ತಲೆ ತೂರಿಸಿ ದಾರಿ ಹೇಳುತ್ತಿದ್ದೆ. "ತಗ್ಗಿನ ಕಡೆ ಬಂತಕ್ಕಾ, ಗುಡ್ಡದ ಕಡೆ ಹೊಳ್ಳಸು" ಎನ್ನುತ್ತಿದ್ದೆ. ಯಾರೂ ಇಲ್ಲದ ಏರಿನಲ್ಲಿ ಇದು ಸಲೀಸಾಗಿ ನಡೆದಿತ್ತು.

ಹಿರಿಯ ಭಾವ ಗುರಸಿದ್ದಪ್ಪನವರು ಮನೆಯ ಯಜಮಾನರು. ಕೆಟ್ಟವರಲ್ಲ. ಆದರೆ ವಿಧವೆ ನಾದಿನಿ ಮೋಟಾರು ಹೊಡೆಯುತ್ತಾಳೆ, ಅದೂ ಹಿಂದುಮುಂದಾಗಿ, ಎಂದು ಪೇಟೆಯಲ್ಲಿ ಮಂದಿ ನಗುವುದು ಅವರಿಗೆ ಮುಳ್ಳಾಗಿತ್ತು. ಗಾಡಿ ಹಳೆಯದಾಯಿತು, ಪರೀಕ್ಷೆಗೆ ತನ್ನಿರಿ ಎಂದು ಸರಕಾರದ ಹುಕುಂ ಬಂದಾಗ ಅವರ ಮುಖ ಅರಳಿತು. ವಿಜಾಪುರದಿಂದ ಬರುವ ಇನ್‌ಸ್ಪೆಕ್ಟರರ ಎದುರು ಜಮಖಂಡಿಯ ಗುಡ್ಡ ಹತ್ತಿ ತೋರಿಸಬೇಕು.

"ಹತ್ತಲಿಲ್ಲಂದ್ರ ಮೋಟಾರ ಹಳೇ ಕಬ್ಬಿಣದ ಮೋಡಕಾಕ್ಕ. ನೀವಿಬ್ಬರೂ ಮನ್ಯಾಗ ಕುಂಡರೂದು. ಸೀರಿ ಗಂಟು ದಲಾಲರ ಕಡೆ ಹೋಗತಾವು" ಎಂದರು ಭಾವ.

ಪರೀಕ್ಷೆಯ ಮುಂಜಾನೆ ನೀಲಕ್ಕ ಸ್ನಾನ ಮಾಡಿ, ಮೋಟಾರಿನ ಹಿಂಭಾಗಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಅಲ್ಲಿಯೇ ಕಾಯಿ ಒಡೆದಳು. ನಮ್ಮ ಮನೆಯಲ್ಲಿ ದಸರೆಯ ಖಂಡೇಪೂಜೆಗೂ ಅದೇ ಪದ್ಧತಿ. ಗುಡ್ಡಕ್ಕೆ ಮೊದಲು ಹೋಗುವುದು ಅದೇ ತಾನೇ?

ಏರಿನ ಬುಡದಲ್ಲಿ ಅರ್ಧ ಪೇಟೆ ಸೇರಿತ್ತು. ಇನ್‌ಸ್ಪೆಕ್ಟರರು ಸಾಮಾನು ಹೇರಿಯೇ ಹತ್ತಬೇಕೆಂದರು. ಮುಂದಿನ ಸೀಟಿನಲ್ಲಿ ಕುಳಿತರು. ನೀಲಕ್ಕ ತಕ್ಷಣ ಅವರನ್ನು ಎಬ್ಬಿಸಿ ಕಡ್ಡಿ ಅದ್ದಿ ನೋಡಿದಳು. ಮಂದಿ ಹೋ ಎಂದು ನಕ್ಕರು. ಅವಳು ಗಾಡಿ ತಿರುಗಿಸಿದಾಗ ನಗು ಇನ್ನೂ ಜೋರಾಯಿತು.

"ನೀಲವ್ವಾ, ಸಾಕ ಮಾಡು. ಊರ ಮಂದಿ ನಗಾಕತ್ತಾರ" ಎಂದರು ಭಾವ.

"ನಗಲಿ ಬಿಡ್ರಿ. ಅವರ ಮಾರಿ ನೋಡಿಕೋತನ ಹತ್ತತೇನಿ."

ಭಾವ ಬಿರಬಿರನೆ ಮೇಲೆ ನಡೆದು ತಿರುವಿನಲ್ಲಿ ನಿಂತರು. ಅಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳವಾದ ತಗ್ಗು. ಅವರು ಅಲ್ಲೇ ಏಕೆ ನಿಂತರೆಂದು ನನಗೆ ತಿಳಿಯಿತು. ನಮ್ಮ ಮನೆಯಲ್ಲಿ ಸೊಸೆಯಂದಿರು ಭಾವನ ಎದುರು ಬಾಯಿ ಬಿಡುವ ಹಾಗಿಲ್ಲ. ನೀಲಕ್ಕ ಆ ಕಟ್ಟು ಎಂದೋ ಮುರಿದಿದ್ದಳು, ನನ್ನ ಧ್ವನಿಯನ್ನು ಮಾತ್ರ ಮದುವೆಯಾದಂದಿನಿಂದ ಅವರು ಕೇಳಿರಲಿಲ್ಲ. ತಮ್ಮನ್ನು ಕಂಡು ನಾನು ದಾರಿ ಹೇಳುವುದು ಬಿಟ್ಟರೆ, ಕಣ್ಣಿಲ್ಲದೆ ನೀಲಕ್ಕ ತಾನೇ ನಿಲ್ಲಿಸುತ್ತಾಳೆ ಎಂದು ಅವರ ಲೆಕ್ಕ.

ಮೋಟಾರು ನಡುಗುತ್ತ ಹತ್ತಿತು. ತಿರುವು ಬಂತು. ಭಾವ ಕಾಣಿಸಿದರು. ನನ್ನ ಕೈ ತಾನಾಗಿಯೇ ಸೆರಗು ಮುಂದಕ್ಕೆಳೆದು ಬಾಯಿಗೆ ಅಡ್ಡ ಹಿಡಿಯಿತು. ಗಾಲಿ ತಗ್ಗಿನತ್ತ ಜಾರುತ್ತಿತ್ತು.

"ತಂಗೀ, ಎಲ್ಲಿ ಅದೀ?" ಎಂದಳು ನೀಲಕ್ಕ. ಅವಳು ತಿರುಗಿ ನೋಡಲಿಲ್ಲ, ಪೆಡಲಿನಿಂದ ಕಾಲನ್ನೂ ತೆಗೆಯಲಿಲ್ಲ. ಅಷ್ಟು ನಂಬಿದ್ದಳಲ್ಲ ನನ್ನನ್ನು! ಅದನ್ನೇ ನನಗೆ ತಡೆಯಲಾಗಲಿಲ್ಲ.

ಸೆರಗು ಹಿಂದಕ್ಕೆಸೆದೆ. "ತಗ್ಗ ಐತಕ್ಕಾ! ಗುಡ್ಡದ ಕಡೆ ಹೊಳ್ಳಸು! ಇನ್ನಾ! ಇನ್ನಾ! ಭಾವಾರ, ದಾರಿ ಬಿಡ್ರಿ!"

ಭಾವ ಬಿಟ್ಟರು. ಬಂಡೆಗೆ ಬೆನ್ನು ಹಚ್ಚಿ ನಿಂತರು, ಪಾಪ. ಮೋಟಾರು ಅವರ ಧೋತರದ ಅಂಚು ಸವರಿಕೊಂಡು ಮೇಲೆ ಹೋಯಿತು.

ಗುಡ್ಡದ ಮೇಲೆ ಇಳಿದ ಇನ್‌ಸ್ಪೆಕ್ಟರರು ಟೊಪ್ಪಿಗೆ ಸರಿಪಡಿಸಿಕೊಂಡರು. "ಬಾಯಾರ, ಗಾಡಿ ಮುಂದಾಗಿ ಹತ್ತಬೇಕಲ್ಲರಿ?"

"ಸಾಹೇಬರ, ಆಗ ನೀವು ಕೆಳಗಿದ್ರಿ. ಈಗ ಎಲ್ಲಿ ಅದೀರಿ?" ಎಂದಳು ನೀಲಕ್ಕ.

"ಮ್ಯಾಲೆ."

"ಮತ್ತೇನ್ರಿ?"

ಅವರು ನಕ್ಕು ಪಾಸು ಮಾಡಿದರು. ಆ ಮೋಟಾರು ಮುಂದೆ ಎಷ್ಟೋ ವರ್ಷ ಓಡಿತು, ನಾವೂ ಓಡಿದೆವು. ಆ ಸಂಜೆ ಊಟಕ್ಕೆ ಕುಳಿತ ಭಾವ ರೊಟ್ಟಿ ಮುರಿಯುತ್ತ ಗೋಡೆಗೆ ಹೇಳುವವರಂತೆ ಹೇಳಿದರು: "ಈಕಿ ಧ್ವನಿ ಇಷ್ಟ ದೊಡ್ಡದೈತಿ ಅಂತ ಗೊತ್ತಿದ್ದಿಲ್ಲ."

"ನನಗೂ ಗೊತ್ತಿದ್ದಿಲ್ಲರಿ" ಎಂದೆ ನಾನು. ಒಮ್ಮೆ ಬಿಟ್ಟ ಬಾಯಿ, ಮತ್ತೆ ಮುಚ್ಚಲಿಲ್ಲ.

ನಿನ್ನೆ ಮೊಮ್ಮಗ ಸೋತು, "ಅಜ್ಜೀ, ಆ ಕೂಗು ತೆಗಸಿಬಿಡತೇನಿ, ಆತಿಲ್ಲ?" ಎಂದ.

"ಬ್ಯಾಡೋ, ಇರಲಿ. ಆದರ ಅದಕ್ಕ ಕೆಲಸಾ ಪೂರಾ ಬರೂದಿಲ್ಲ ನೋಡು. ಅದು ಬರೇ ಚೀರತೈತಿ. ನಾ ದಾರಿ ಹೇಳತಿದ್ದೆ."