ಈರಕ್ಕನ ಜರಡಿ ಕನ್ನಡಕ

ಈರಕ್ಕನಿಗೆ ಉಳಿದಿದ್ದುದು ಬಲಗಣ್ಣು ಒಂದೇ.

ಸವೆದು ನುಣುಪಾದ ಬೀಸುವ ಕಲ್ಲಿಗೆ ಉಳಿಯಿಂದ ಮತ್ತೆ ಕಚ್ಚು ಹಾಕುವುದು ಅವಳ ಕಸುಬು. ಹೊಸ ರಾಗಿ ಮನೆಗೆ ಬಂದ ಮೇಲೆ ಅಜ್ಜಂಪುರದ ನಮ್ಮ ಬೀದಿಗೆ ಬರುತ್ತಿದ್ದಳು. ನಾನು ಮದುವೆಯಾಗಿ ಬಂದ ವರ್ಷ ಅವಳ ಎರಡು ಕಣ್ಣೂ ಚೆನ್ನಾಗಿದ್ದವು. ಮರುವರ್ಷ ಎಮ್ಮೆದೊಡ್ಡಿ ಎಂಬ ಊರಲ್ಲಿ ಯಾರದೋ ಕಲ್ಲಿನಿಂದ ಸಿಡಿದ ಚಕ್ಕೆ ಎಡಗಣ್ಣಿಗೆ ಬಡಿಯಿತು. ಅಲ್ಲಿ ಈಗ ಬಿಳಿಯ ಹೂ. ಗಂಡನಿಲ್ಲ, ಬೇರೆ ಕೆಲಸ ಗೊತ್ತಿಲ್ಲ.

೧೯೫೯ರಲ್ಲಿ ನನ್ನ ಮಗ ಅಂಬೆಗಾಲಿಡುತ್ತಿದ್ದ. ಒಂದು ಬೆಳಿಗ್ಗೆ ಈರಕ್ಕ ಕಣ್ಣಿಗೆ ಬಟ್ಟೆಯ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಪಟ್ಟಿಯಲ್ಲಿ ಎರಡು ತೂತು, ತೂತಿಗೆ ಹರಿದ ಜರಡಿಯ ತಂತಿ ಬಲೆ. ತರೀಕೆರೆಯ ಹತ್ತಿರ ಜಲ್ಲಿ ಒಡೆಯುವವನೊಬ್ಬ ಅಂಥದ್ದನ್ನು ಹಾಕಿದ್ದನಂತೆ. ಅದನ್ನು ನೋಡಿ ತಾನೇ ಹೊಲಿದುಕೊಂಡಿದ್ದಳು.

"ಅಲ್ಲೇ ನಿಲ್ಲೇ," ಎಂದರು ನಮ್ಮತ್ತೆ ಗುರುಶಾಂತಮ್ಮ. "ಕಣ್ಣು ಬಂದದೇನು ನಿಂಗೆ? ಮನೇಲಿ ಕೂಸೈತೆ."

ನಮ್ಮ ಕಡೆ ಕಣ್ಣಿಗೆ ಏನಾದರೂ ಕಟ್ಟಿಕೊಂಡರೆ ಅದು ಕಣ್ಬೇನೆಗೇ. ಬೇರೆ ಕಾರಣ ಯಾರಿಗೂ ಹೊಳೆಯುವುದಿಲ್ಲ.

"ಬೇನೆ ಅಲ್ಲ ಕಣವ್ವಾ, ಚಕ್ಕೆ ತಡೆಯಾಕೆ."

ಎದುರು ಜಗಲಿಯಿಂದ ತೀರ್ಥಮ್ಮ ನಕ್ಕಳು. "ಹಿಟ್ಟು ಜರಡಿ ಹಿಡಿಯೋದು ಗೊತ್ತಿತ್ತು, ನೋಟಾನೂ ಹಿಡೀತಾರೇನೇ ಈರಿ? ನಮ್ಮನೆ ಕಡೆ ಬರಬೇಡ ಮಾರಾಯ್ತಿ, ಹುಡುಗ್ರಿಗೆಲ್ಲ ಈಗ ತಾನೇ ವಾಸಿಯಾಗೈತೆ."

"ಎಲ್ಲಾ ಊರಲ್ಲೂ ಇದೇ ಆಯ್ತು," ಎಂದ ಈರಕ್ಕ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿದಳು. ಉಳಿದ ಕಣ್ಣು ತಿಳಿಯಾಗಿತ್ತು. ಅತ್ತೆ ಒಳಗೆ ಬಿಟ್ಟರು.

ಕಲ್ಲಿನ ಮುಂದೆ ಕೂತು, ಉಳಿ ಎತ್ತಿ, ನನ್ನ ಕಡೆ ತಿರುಗಿದಳು. "ಕೂಸನ್ನ ದೂರ ಎತ್ಕೊಳ್ಳಿ ತಾಯಿ. ಚಕ್ಕೆ ಕಣ್ಣಿಗೆ ಸಿಡೀತದೆ."

ನಾನು ಮಗುವನ್ನು ಎತ್ತಿಕೊಂಡೆ. ಅವಳು ಬರಿಗಣ್ಣಿನಲ್ಲಿ ಕಲ್ಲಿನ ಮೇಲೆ ಬಗ್ಗಿದಳು. ನನಗೆ ನೋಡಲಾಗಲಿಲ್ಲ. ಚೀಲದಿಂದ ಆ ಪಟ್ಟಿ ತೆಗೆದು ನನ್ನ ಕಣ್ಣಿಗೇ ಕಟ್ಟಿಕೊಂಡೆ. ಅಂಗಳವೆಲ್ಲ ಸಣ್ಣ ಸಣ್ಣ ಚೌಕವಾಗಿ ಕಂಡಿತು. ಕೆನ್ನೆಗೆ ತಂತಿ ಚುಚ್ಚಿತು.

"ಅಯ್ಯೋ, ನಿಂಗೇನು ಹುಚ್ಚೇನೇ?" ಎಂದರು ಅತ್ತೆ.

"ಬೇನೆ ಅಂತ ಅನುಮಾನ ಇದ್ದಿದ್ರೆ, ಮಗೂನ ಎತ್ಕೊಂಡು ಇದನ್ನ ಕಟ್ಕೋತಿದ್ನಾ ಅತ್ತೆ?"

ಅತ್ತೆ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡರು. ನಾನು ಹಳೆಯ ಸೀರೆಯ ಅಂಚು ಹರಿದು ತಂತಿಯ ತುದಿಗಳಿಗೆ ಹೊಲಿದು ಕೊಟ್ಟೆ. ಈರಕ್ಕ ಅದನ್ನು ಕಟ್ಟಿಕೊಂಡೇ ನಮ್ಮ ಕಲ್ಲು ಮುಗಿಸಿದಳು.

"ಇವಳ ಕಣ್ಣು ಊದ್ಕೊಳ್ಳುತ್ತೋ ಇಲ್ವೋ ನೋಡಾಣ," ಎಂದಳು ತೀರ್ಥಮ್ಮ ನನ್ನನ್ನು ತೋರಿಸಿ. ಆ ವಾರವೆಲ್ಲ ನೀರಿಗೆ ಹೋದಲ್ಲಿ, ಅಂಗಡಿಗೆ ಹೋದಲ್ಲಿ ಹೆಂಗಸರು ಮೊದಲು ನನ್ನ ಕಣ್ಣು ನೋಡಿ ಆಮೇಲೆ ಮಾತಾಡಿಸುತ್ತಿದ್ದರು. ಏನೂ ಆಗಲಿಲ್ಲ. ಅಷ್ಟರಲ್ಲಿ ಈರಕ್ಕ ಸಿಂಗಟಗೆರೆಯ ದಾರಿ ಹಿಡಿದಿದ್ದಳು. ಅಲ್ಲಿ ಅದನ್ನು ತಾವು ಕಟ್ಟಿಕೊಂಡು ತೋರಿಸುವವರು ಯಾರಿದ್ದಾರೆ? ಮಗುವಿನ ರಾಗಿಸರಿಗೆ ಬೀಸಲು ಕೂತಾಗಲೆಲ್ಲ ಅವಳು ಪಟ್ಟಿ ಬಿಚ್ಚಿಬಿಟ್ಟಳೋ ಏನೋ ಅನ್ನಿಸುತ್ತಿತ್ತು.

ಮರುವರ್ಷ ಹೊಸ ರಾಗಿಯ ಹೊತ್ತಿಗೆ ಬಂದಳು. ಬಹಳ ಬಡವಾಗಿದ್ದಳು. ಪಟ್ಟಿ ಕಣ್ಣ ಮೇಲೇ ಇತ್ತು.

"ಸುಮಾರು ಮನೆ ಬಿಟ್ಟೋದ್ವು ತಾಯಿ. ಬಿಚ್ಚು ಅಂದ ಕಡೆ ಕೂರಲಿಲ್ಲ, ಎದ್ದು ಬಂದ್ಬಿಟ್ಟೆ."

ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬಲಗಣ್ಣಿನ ಬಲೆ ಒಂದು ಕಡೆ ಒಳಕ್ಕೆ ತಗ್ಗಿ, ಎರಡು ತಂತಿ ತುಂಡಾಗಿದ್ದವು. ನಾನು ಅವಳ ಮುಖ ನೋಡಿದೆ. ಆ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಈರಕ್ಕಾ," ಎಂದಳು ಎದುರು ಜಗಲಿಯಿಂದ ತೀರ್ಥಮ್ಮ, "ಈ ಸಲ ಮೊದ್ಲು ನಮ್ಮನೇದು ಕಣೇ."

"ಸ್ವಲ್ಪ ತಡೀರಿ ತೀರ್ಥಮ್ಮಾ," ಎಂದೆ. ಅತ್ತೆ ಆಗಲೇ ಒಳಗಿನಿಂದ ಹಳೆಯ ಜರಡಿ ತಂದಿದ್ದರು. ನಾನು ಸೂಜಿಗೆ ದಾರ ಪೋಣಿಸಿದೆ.